ಊದದೆ ಉಳಿದ ಗಟ್ಟಿಮೇಳ

ಮದುವೆಗೆ ಬರುವ ಜನರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅರಸೀಕೆರೆಯಿಂದ ಜಾವಗಲ್ಲು, ಹಳೇಬೀಡಿನ ಮೇಲೆ ಬೇಲೂರಿನವರೆಗೆ ಇರುವ ಕಲ್ಯಾಣ ಮಂಟಪಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಕೂತು ನಾದಸ್ವರ ಊದಿದ್ದೇನೆ. ಎಲ್ಲ ಕಡೆಯೂ ಅದೇ ಜನ. ಮುಖ ಬೇರೆ, ಸೀರೆಯ ಅಂಚು ಬೇರೆ, ಬಂದ ಉದ್ದೇಶ ಮಾತ್ರ ಒಂದೇ: ಮೊದಲನೇ ಪಂಕ್ತಿಯಲ್ಲಿ ಎಲೆ ಸಿಗಬೇಕು. ನಾನು ಬೆಳಗಿನ ರಾಗವೊಂದನ್ನು ಎತ್ತಿಕೊಂಡು ನಿಧಾನವಾಗಿ ಬೆಳೆಸುತ್ತಾ ಹೋದರೆ ಅವರಿಗೆ ಅದೂ ಫ್ಯಾನಿನ ಸದ್ದೂ ಒಂದೇ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರೆ. ಆ ಗಾದೆ ಮಾಡಿದವನು ಕೋಣಕ್ಕೆ ಅನ್ಯಾಯ ಮಾಡಿದ್ದಾನೆ. ಕೋಣ ಎದುರಿಗೆ ಬಂದು ಮೊಬೈಲು ಮುಖಕ್ಕೆ ಹಿಡಿದು, "ಅಣ್ಣ, ಒಂದು ಸಿನಿಮಾ ಹಾಡು ಬಿಡಿ" ಅನ್ನುವುದಿಲ್ಲ.

ಇಂಥ ಜನಕ್ಕೆ ನಾನು ಹೆದರುತ್ತಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಯಾರ ಅಭಿಪ್ರಾಯಕ್ಕೆ ಮೂರು ಕಾಸಿನ ಬೆಲೆ ಕೊಡುವುದಿಲ್ಲವೋ ಅವರ ಎದುರಿಗೇ ನನ್ನ ಗಂಟಲ ಪಸೆ ಆರುತ್ತಿತ್ತು.

ನಮ್ಮದು ದೇವಸ್ಥಾನದ ವಾಲಗದ ಮನೆ. ನಾದಸ್ವರ ಅನ್ನುವ ಮಾತೆಲ್ಲ ಲಗ್ನಪತ್ರಿಕೆಯಲ್ಲಿ. ಜನರ ಬಾಯಲ್ಲಿ ನಾವು ವಾಲಗದೋರು. ಅಪ್ಪ ಅರಸೀಕೆರೆಯ ದೇವಸ್ಥಾನವೊಂದರಲ್ಲಿ ಬೆಳಿಗ್ಗೆ ಸಂಜೆ ಊದುತ್ತಿದ್ದರು. ನಾನು ಓದಿಕೊಂಡು ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾದೆ. ಆದರೂ ಅಪ್ಪನ ನಂತರ ವಾದ್ಯ ಬಿಡಲಿಲ್ಲ. ಭಾನುವಾರ, ಮುಹೂರ್ತ ಇರುವ ರಜಾ ದಿನ, ಮದುವೆಗಳಿಗೆ ಹೋಗುತ್ತೇನೆ. ಜೊತೆಗೆ ಡೋಲು ಬಾರಿಸುವವನು ನನ್ನ ಭಾವ, ಅಕ್ಕನ ಗಂಡ. ಅವನಿಗೆ ಹೆದರಿಕೆ ಅನ್ನುವುದು ಗೊತ್ತೇ ಇಲ್ಲ. ಯೋಚನೆ ಮಾಡುವ ಅಭ್ಯಾಸವೂ ಇಲ್ಲ. ಇವೆರಡಕ್ಕೂ ಸಂಬಂಧ ಇದೆಯೆಂದು ನನಗೆ ಬಹಳ ದಿನದಿಂದ ಅನುಮಾನ.

ನನ್ನ ಹೆದರಿಕೆ ವಿಚಿತ್ರದ್ದು. ದೇವಸ್ಥಾನದಲ್ಲಿ ಊದುವಾಗ ಅದರ ಸುಳಿವೇ ಇಲ್ಲ. ಮದುವೆಯಲ್ಲೂ ಬೆಳಗಿನಿಂದ ಎಷ್ಟು ಹೊತ್ತು ಊದಿದರೂ ಇಲ್ಲ, ಯಾಕೆಂದರೆ ಕೇಳುವವರೇ ಇಲ್ಲ. ಅಪಸ್ವರ ಬಂದರೆ ಅದನ್ನೇ ದಾರಿ ಮಾಡಿಕೊಂಡು ಹೊರಗೆ ಬರಬಹುದು, ಯಾರಿಗೂ ತಿಳಿಯುವುದಿಲ್ಲ. ಹೆದರಿಕೆ ಬರುತ್ತಿದ್ದದ್ದು ಒಂದೇ ಒಂದು ಗಳಿಗೆಯಲ್ಲಿ, ಗಟ್ಟಿಮೇಳದಲ್ಲಿ. ಗಂಡು ತಾಳಿ ಎತ್ತಿ ಹೆಣ್ಣಿನ ಕೊರಳ ಹತ್ತಿರ ತರುತ್ತಿದ್ದ ಹಾಗೆ ಪುರೋಹಿತರು ಕೈ ಮೇಲೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗುತ್ತಾರೆ. ಆ ಕ್ಷಣಕ್ಕೆ ನಾದಸ್ವರ, ಡೋಲು ಎರಡೂ ಶಕ್ತಿ ಇದ್ದಷ್ಟು ಅಬ್ಬರಿಸಬೇಕು. ಅದರಲ್ಲಿ ರಾಗವಿಲ್ಲ, ವಿದ್ಯೆ ಇಲ್ಲ. ಆ ಹೊತ್ತಿನಲ್ಲಿ ಯಾರಾದರೂ ಸೀನಿದರೆ, ಯಾವುದಾದರೂ ಮಗು ಅತ್ತರೆ, ಯಾರ ಬಾಯಿಂದಲಾದರೂ ಕೆಟ್ಟ ಮಾತು ಬಂದರೆ ಅದು ಗಂಡು ಹೆಣ್ಣಿನ ಕಿವಿಗೆ ಬೀಳಬಾರದು, ಅಷ್ಟೇ. ಕಲಿಯಲು ಕೂತ ಮೊದಲ ವಾರದವನೂ ಅಷ್ಟು ಸದ್ದು ಮಾಡಿಯಾನು. ಆದರೆ ಮದುವೆಗೆ ಬಂದವರೆಲ್ಲ ನನ್ನ ಕಡೆ ಕಿವಿ ಇಡುವುದು ಆ ಒಂದು ಗಳಿಗೆಯಲ್ಲಿ ಮಾತ್ರ, ಮತ್ತು ಅದನ್ನು ಎರಡನೇ ಸಲ ಮಾಡುವಂತಿಲ್ಲ. ಕಷ್ಟದ ಕೆಲಸಕ್ಕೆ ಯಾರೂ ಹೆದರುವುದಿಲ್ಲ ಎಂದು ನಾನು ಕಂಡುಕೊಂಡದ್ದು ಹೀಗೆ. ತಪ್ಪಿದರೆ ಕ್ಷಮೆಯೇ ಇಲ್ಲದ ಸುಲಭದ ಕೆಲಸ ಇದೆಯಲ್ಲ, ಜೀವ ಹಿಂಡುವುದು ಅದು.

ಈ ರೋಗ ಹುಟ್ಟಿನಿಂದ ಬಂದದ್ದಲ್ಲ. ಬೇಲೂರಿನ ಒಂದು ಮದುವೆಯಲ್ಲಿ ಅಂಟಿಕೊಂಡಿತು. ಈಗಿನ ಮದುವೆಗಳಲ್ಲಿ ವಾಲಗದವರಿಗೆ ಹಸೆಮಣೆ ಕಾಣುವುದಿಲ್ಲ. ನಡುವೆ ಫೋಟೋದವರು, ವಿಡಿಯೋದವರು, ಅವರ ಲೈಟು ಹಿಡಿಯುವವರು, ಅವರೆಲ್ಲರ ಹಿಂಭಾಗ. ಗಂಡು ಹೆಣ್ಣನ್ನು ದೇವರಾದರೂ ನೋಡುತ್ತಾನೋ ಇಲ್ಲವೋ, ನಾವಂತೂ ನೋಡುವುದಿಲ್ಲ. ಕಿವಿಯನ್ನೇ ನಂಬಿಕೊಂಡು ಕೂತಿರುತ್ತೇವೆ. ಅವತ್ತು ನನ್ನ ಬೆನ್ನ ಹಿಂದೆ ಹೆಣ್ಣಿನ ಸೋದರಮಾವ ಬಸ್ಸಿನಲ್ಲಿ ಬರುತ್ತಿದ್ದ ಯಾರಿಗೋ ಫೋನು ಮಾಡಿದ್ದ. ಆ ಕಡೆಯವನಿಗೆ ಸರಿಯಾಗಿ ಕೇಳಿಸುತ್ತಿಲ್ಲ. ಇವನು ಗಂಟಲು ಹರಿಯುವ ಹಾಗೆ, "ಗಟ್ಟಿಮೇಳ! ಗಟ್ಟಿಮೇಳ ಕಣೋ! ಆಗಿಲ್ಲ ಇನ್ನೂ, ಬಾ!" ಎಂದು ಕೂಗಿದ. ಮೊದಲೆರಡು ಮಾತು ಬಿದ್ದದ್ದೇ ನಾನು ಊದಿದೆ, ಭಾವ ಬಾರಿಸಿದ, ಮಂಟಪದಲ್ಲಿದ್ದ ಜನ ಕೈಯಲ್ಲಿದ್ದ ಅಕ್ಷತೆಯನ್ನೆಲ್ಲ ಎಸೆದುಬಿಟ್ಟರು. ಹಸೆಮಣೆಯ ಮೇಲೆ ಪುರೋಹಿತರು ಇನ್ನೂ ಜೀರಿಗೆ ಬೆಲ್ಲ ಹುಡುಕುತ್ತಿದ್ದರು. ಅಕ್ಷತೆಯೆಲ್ಲ ಅವರ ಬೋಳುತಲೆಯ ಮೇಲೆ.

ಆಮೇಲೆ ನಿಜವಾದ ಮುಹೂರ್ತಕ್ಕೆ ಅಕ್ಷತೆ ಸಾಲದೆ ಜನ ಬಗ್ಗಿ ನೆಲದ ಮೇಲಿನ ಅಕ್ಕಿಕಾಳು ಆಯ್ದುಕೊಂಡರು. ಕಾಲಲ್ಲಿ ತುಳಿದ ಅಕ್ಕಿಯಲ್ಲಿ ಆಶೀರ್ವಾದವಾಯಿತು. ಅದರ ಬಗ್ಗೆ ಯಾರಿಗೂ ನಾಚಿಕೆಯಿಲ್ಲ. ನಕ್ಕದ್ದು ಮಾತ್ರ ನನ್ನನ್ನು ನೋಡಿ. ಎಲ್ಲರಿಗಿಂತ ಜೋರಾಗಿ ನಕ್ಕವನು ಆ ಫೋನಿನ ಸೋದರಮಾವ. "ಅರ್ಜೆಂಟೇನ್ಲಾ ವಾಲಗದಣ್ಣ, ನಿನ್ ಮದ್ವೇನಾ?" ಎಂದು ಅವನು ಕೇಳಿದಾಗ ಪಕ್ಕದವರು ಹಲ್ಲು ಕಿರಿದರು. ಅವನ ಹಲ್ಲಿನಲ್ಲಿ ಬೆಳಗಿನ ಉಪ್ಪಿಟ್ಟಿನ ಕರಿಬೇವು ಸಿಕ್ಕಿಕೊಂಡಿದ್ದದ್ದು ನನಗೆ ಇವತ್ತಿಗೂ ನೆನಪಿದೆ.

ಬಸ್ಸಿನಲ್ಲಿ ವಾಪಸು ಬರುವಾಗ ಭಾವನಿಗೆ ಒಂದು ಕಟ್ಟಳೆ ಹಾಕಿದೆ. "ಇನ್ಮೇಲೆ ಯಾರ್ ಏನೇ ಕೂಗ್ಲಿ, ನನ್ನ ವಾದ್ಯದ ಸದ್ದು ಕೇಳೋವರೆಗೂ ನೀನು ಡೋಲು ಮುಟ್ಟಬೇಡ."

"ಆಯ್ತು ಬಿಡ್ಲಾ" ಅಂದ. ಅಂದ ಮೇಲೆ ಮುಗಿಯಿತು, ಭಾವ ಹೇಳಿದ ಮಾತಿನಿಂದ ಅಲುಗುವವನಲ್ಲ. ನಾನೇ ಹಾಕಿದ ಆ ಕಟ್ಟಳೆ ಮುಂದೆ ನನ್ನ ಕುತ್ತಿಗೆಗೇ ಬಂತು. ಯಾಕೆಂದರೆ ಆವತ್ತಿನಿಂದ ಗಟ್ಟಿಮೇಳದ ಕೂಗು ಕಿವಿಗೆ ಬಿದ್ದ ಕೂಡಲೇ ನನ್ನೊಳಗೆ ಒಂದು ಪ್ರಶ್ನೆ ಏಳಲು ಶುರುವಾಯಿತು: ಇದು ನಿಜದ್ದೋ, ಸುಳ್ಳೋ? ಪ್ರಶ್ನೆ ಎದ್ದ ಕಡೆ ಉಸಿರು ನಿಲ್ಲುತ್ತದೆ. ಉಸಿರು ನಿಂತ ಕಡೆ ಬಾಯಿ ಒಣಗುತ್ತದೆ. ನಾದಸ್ವರದ ತುದಿಗೆ ಹುಲ್ಲಿನ ಪೀಪಿ ಇರುತ್ತದೆ. ಅದು ಬಾಯೊಳಗೆ ನೆನೆದು ಮೆತ್ತಗಿದ್ದರೆ ಮಾತ್ರ ಸ್ವರ. ಒಣಗಿದ ಬಾಯಲ್ಲಿ ಪೀಪಿ ಕಡ್ಡಿಯಾಗುತ್ತದೆ, ಗಾಳಿ ಹೋಗುತ್ತದೆ, ಸದ್ದು ಬರುವುದಿಲ್ಲ. ಒಂದೊಂದು ಮದುವೆಗೂ ನನ್ನ ಗಟ್ಟಿಮೇಳ ಸ್ವಲ್ಪ ತಡವಾಗುತ್ತಾ ಬಂತು. ಒಂದು ದಿನ ಅದು ಬರುವುದೇ ಇಲ್ಲ ಎಂದು ನನಗೆ ಗೊತ್ತಿತ್ತು. ಆ ದಿನ ಅಪ್ಪನ ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಬೇಕಾಗುತ್ತದೆ ಎಂದೂ ಗೊತ್ತಿತ್ತು.

ನಮ್ಮ ಕಡೆ ಪೋಲಿಗಳ ಒಂದು ಹಳೆಯ ಆಟವಿದೆ. ವಾಲಗದವನ ಎದುರಿಗೆ ಕೂತು, ಅವನಿಗೆ ಕಾಣುವ ಹಾಗೆ ಹುಣಸೆಹಣ್ಣು ಚೀಪುವುದು. ನೋಡಿದವನ ಬಾಯಲ್ಲಿ ನೀರೂರಿ ಊದುವುದು ಕೆಡಬೇಕು, ಅದಕ್ಕೆ ಇವರು ಹೊಟ್ಟೆ ಹಿಡಿದುಕೊಂಡು ನಗಬೇಕು. ಇಂಥ ಬುದ್ಧಿಯನ್ನು ಬೇರೆ ಯಾವುದಕ್ಕಾದರೂ ಉಪಯೋಗಿಸಿದ್ದರೆ ಇವರ ಊರು ಉದ್ಧಾರವಾಗುತ್ತಿತ್ತು. ಅಪ್ಪ ಹುಣಸೆಹಣ್ಣಿನವರನ್ನು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ನಾನು ಅದೇ ಹುಣಸೆಹಣ್ಣನ್ನು ಮನೆಯಿಂದ ಜೇಬಿನಲ್ಲಿ ಇಟ್ಟುಕೊಂಡು ಹೋಗತೊಡಗಿದೆ. ಮುಹೂರ್ತ ಹತ್ತಿರ ಬಂದಾಗ ಒಂದು ಚೂರು ದವಡೆಗೆ ಸೇರಿಸಿಕೊಳ್ಳುವುದು. ಕೆಲವು ಮದುವೆ ಅದರಿಂದ ಪಾರಾದವು.

ಉಪದೇಶ ಮಾಡುವವರಿಗೆ ಕೊರತೆ ಇರಲಿಲ್ಲ. "ಧೈರ್ಯವಾಗಿರಿ" ಎಂದು ಹೇಳಿದವರ ತಲೆ ಒಡೆಯಬೇಕು ಅನ್ನಿಸುತ್ತಿತ್ತು. ಹಸಿದವನಿಗೆ "ಹೊಟ್ಟೆ ತುಂಬಿಸಿಕೊಳ್ಳಿ" ಎಂದಂತೆ. ಭಾವನ ಸಲಹೆ ಎಲ್ಲ ರೋಗಕ್ಕೂ ಒಂದೇ: "ಒಂದ್ ಕ್ವಾಟ್ರು ಹಾಕ್ಕೊಂಡು ಕೂತ್ಕಳ್ಲಾ." ನಮ್ಮ ಶಾಲೆಯಲ್ಲಿ ಒಮ್ಮೆ ಸಿಬ್ಬಂದಿಗೆಲ್ಲ ವ್ಯಕ್ತಿತ್ವ ವಿಕಸನದ ತರಬೇತಿ ನಡೆಯಿತು. ಟೈ ಕಟ್ಟಿದ್ದ ತರಬೇತುದಾರ, ಸಭಾಕಂಪ ಹೋಗಬೇಕಾದರೆ ಎದುರಿಗೆ ಕೂತವರೆಲ್ಲ ಬಟ್ಟೆ ಹಾಕಿಲ್ಲ ಎಂದು ಕಲ್ಪಿಸಿಕೊಳ್ಳಬೇಕು ಎಂದ. ಎಲ್ಲರೂ ಬರೆದುಕೊಂಡರು. ನಾನು ಮುಂದಿನ ಮದುವೆಯಲ್ಲಿ ಮೊದಲನೇ ಸಾಲಿನ ಕಡೆ ಒಮ್ಮೆ ನೋಡಿ, ಈ ಕಲ್ಪನೆಗಿಂತ ಹೆದರಿಕೆಯೇ ವಾಸಿ ಎಂದು ತೀರ್ಮಾನಿಸಿದೆ.

ಅಭ್ಯಾಸವನ್ನೂ ಮಾಡಿ ನೋಡಿದೆ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಜೈನ ಬಸದಿಗಳಿವೆ. ದೊಡ್ಡ ದೇವಸ್ಥಾನಕ್ಕೆ ಮುಗಿಬೀಳುವ ಪ್ರವಾಸಿಗಳಲ್ಲಿ ಅಲ್ಲಿಗೆ ಬರುವವರು ಕಡಿಮೆ. ಅದರ ಆಚೆಯ ಹೊಲದ ಬದುವಿನ ಮೇಲೆ ನಿಂತು, ಭಾವನ ಕೈಲಿ "ಗಟ್ಟಿಮೇಳ" ಎಂದು ಕೂಗಿಸಿ, ಊದಿದೆ. ಪ್ರತಿ ಸಲವೂ ಬೆಂಕಿಯ ಹಾಗೆ ಬಂತು. ಹುಲ್ಲು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, "ಯಾರ್ದಣ್ಣ ಮದ್ವೆ? ಗಂಡೂ ಇಲ್ಲ, ಹೆಣ್ಣೂ ಇಲ್ಲ!" ಎಂದು ಕೇಳಿದಳು. ಭಾವ, "ರಿಹರ್ಸಲ್ ಕಣವ್ವ" ಅಂದ. ಗಟ್ಟಿಮೇಳಕ್ಕೆ ರಿಹರ್ಸಲ್ ಮಾಡುವ ಮನುಷ್ಯನನ್ನು ಅವಳು ಅದಕ್ಕೆ ಮುಂಚೆ ನೋಡಿರಲಾರಳು. ಹುಲ್ಲಿನ ಹೊರೆ ಸರಿಮಾಡಿಕೊಂಡು ನಗುತ್ತಾ ಹೋದಳು. ಅಭ್ಯಾಸದಿಂದ ಬೆರಳು ಪಳಗುತ್ತದೆ, ಪುಪ್ಪುಸ ಪಳಗುತ್ತದೆ. ಹೆದರಿಕೆ ಇರುವ ಜಾಗಕ್ಕೆ ಅಭ್ಯಾಸ ಹೋಗುವುದೇ ಇಲ್ಲ.

ಇದಾದ ಸ್ವಲ್ಪ ದಿನಕ್ಕೆ ಹಳೇಬೀಡಿನಲ್ಲೇ ಆ ಮದುವೆ ಬಂತು. ಹೆಣ್ಣಿನ ಮನೆ ಅಲ್ಲಿಯದೇ. ಹುಡುಗಿ ಅರೇಹಳ್ಳಿಯ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರು. ಗಂಡಿನ ಮನೆಯವರು ಅರಸೀಕೆರೆ ಪೇಟೆಯವರು, ಹುಡುಗ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆಯೇ ಗಂಡಿನ ತಾಯಿ ಚಪ್ಪರದ ಕೆಳಗೆ ನಮ್ಮ ಹತ್ತಿರ ಬಂದರು. ಓದಿದ ಹೆಂಗಸು, ಮೈತುಂಬ ರೇಷ್ಮೆ. ಮಾತನಾಡುವಾಗ ನಮ್ಮ ಮುಖ ನೋಡದೆ ಡೋಲನ್ನು ನೋಡುತ್ತಿದ್ದರು.

"ಗಟ್ಟಿಮೇಳ ಜೋರಾಗಿರ್ಬೇಕು ಕಣ್ರೀ. ನಮ್ಮ ದೊಡ್ಡ ಮಗನ ಮದುವೇಲಿ ಒಬ್ರ ಮಾತು ಒಬ್ರಿಗೆ ಕೇಳಿಸ್ಲಿಲ್ಲ, ಹಂಗಿತ್ತು."

ಭಾವ, "ಕಿವಿ ಕಿತ್ತೋಗ್ಬೇಕು ಬಿಡಿ ಅಮ್ಮಾವ್ರೇ" ಎಂದು ಹಲ್ಲು ಬಿಟ್ಟ. ನಾನು ಜೇಬಿನಲ್ಲಿ ಹುಣಸೆಹಣ್ಣು ಇದೆಯೇ ಎಂದು ಮುಟ್ಟಿ ನೋಡಿಕೊಂಡೆ.

ಹೆಣ್ಣನ್ನು ನಾನು ನೋಡಿದ್ದು ತಿಂಡಿಯ ಹೊತ್ತಿನಲ್ಲಿ. ಅರಿಶಿನದ ಮುಖ, ತಲೆಗೆ ಕಟ್ಟಿದ ಬಾಸಿಂಗ, ಅದರ ಸಂದಿಯಲ್ಲಿ ತುರುಕಿಕೊಂಡ ಫೋನು. "ಸಾರ್, ಆರನೇ ಕ್ಲಾಸಿನ ಪೇಪರು ಬೀರುವಿನ ಕೆಳಗಿನ ಖಾನೇಲಿದೆ. ಬೇರೆ ಯಾರಿಗೂ ಕೊಡ್ಬೇಡಿ, ರಜಾ ಮುಗಿಸ್ಕೊಂಡು ಬಂದು ನಾನೇ ತಿದ್ತೀನಿ. ಆ ಮಕ್ಕಳ ಅಕ್ಷರ ನಂಗೆ ಮಾತ್ರ ಓದಕ್ಕಾಗೋದು" ಎಂದು ಹೇಳುತ್ತಿದ್ದಳು. ಸೋದರತ್ತೆ ಯಾರೋ ಬಂದು ಫೋನು ಕಿತ್ತುಕೊಂಡರು. ಅವಳೂ ನನ್ನ ವಾದ್ಯ ಕೇಳಲಿಲ್ಲ. ಆದರೆ ಅವಳಿಗೆ ಒಂದು ಕಾರಣವಿತ್ತು, ಅದಕ್ಕೇ ಅವಳ ಮೇಲೆ ಸಿಟ್ಟು ಬರಲಿಲ್ಲ.

ಮುಹೂರ್ತ ಹತ್ತಿರ ಬಂತು. ಹುಣಸೆಹಣ್ಣು ದವಡೆಗಿಟ್ಟೆ. ಏನೂ ಆಗಲಿಲ್ಲ; ಮಣ್ಣು ಇಟ್ಟುಕೊಂಡಂತಿತ್ತು. ಆವತ್ತು ಫೋಟೋದವರು ಅದೃಷ್ಟಕ್ಕೆ ಪಕ್ಕಕ್ಕೆ ಸರಿದಿದ್ದರು, ಹಸೆಮಣೆ ಕಾಣುತ್ತಿತ್ತು. ಗಂಡು ತಾಳಿ ಎತ್ತಿಕೊಂಡು ಬಗ್ಗಿದ. ಅರಿಶಿನದ ದಾರ ಅವಳ ಕೊರಳಿನ ಸುತ್ತ ಬಂತು. ಗಂಟು ಹಾಕುವವನಿಗೆ ಕಾಣಲೆಂದು ಹಿಂದೆ ಗಂಡಿನ ಅಕ್ಕ ದೀಪ ಹಿಡಿದು ನಿಂತಿದ್ದಳು. ಪುರೋಹಿತರು ಕೈಯೆತ್ತಿದರು.

"ಗಟ್ಟಿಮೇಳ! ಗಟ್ಟಿಮೇಳ!"

ನಾನು ಊದಿದೆ. ಗಾಳಿ ಹೋಯಿತು. ಸದ್ದು ಬರಲಿಲ್ಲ.

ಭಾವ ಕೋಲು ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದ. ನನ್ನ ಸದ್ದಿಲ್ಲದೆ ಅವನು ಬಾರಿಸುವುದಿಲ್ಲ. ಇಡೀ ಮಂಟಪ ಅಬ್ಬರವನ್ನು ನಿರೀಕ್ಷಿಸಿ ಕೂತಿತ್ತು, ಅಬ್ಬರ ಬರಲಿಲ್ಲ. ಗಟ್ಟಿಮೇಳದ ಕೂಗು ಬಿದ್ದಾಗಲೂ ನಮ್ಮ ಜನರಲ್ಲಿ ಕೆಲವರು ಮಾತು ನಿಲ್ಲಿಸುವುದಿಲ್ಲ. ಸದ್ದಿನ ಮೇಲೆ ಕೇಳಿಸಲೆಂದು ಪಕ್ಕದವರ ಕಿವಿಗೆ ಬಾಯಿಟ್ಟು ಇನ್ನೂ ಜೋರಾಗಿ ಆಡುತ್ತಾರೆ. ಗಂಡಿನ ತಾಯಿಯೂ ಹಾಗೆಯೇ ಮಾಡಿದರು. ಹಸೆಮಣೆಯ ಪಕ್ಕದಲ್ಲೇ ನಿಂತು ತಮ್ಮ ತಂಗಿಯ ಕಿವಿಗೆ ಕಿರುಚಿದ ಅವರ ಮಾತು ಆ ನಿಶ್ಶಬ್ದದಲ್ಲಿ ಕೊನೆಯ ಸಾಲಿನವರೆಗೂ ಕೇಳಿಸಿತು.

"ಕೆಲಸ ಬಿಡಿಸ್ತೀವಿ ಕಣೇ! ಈಗ್ಲೇ ಹೇಳಿದ್ರೆ ತಾಳಿ ಕಟ್ಟಿಸ್ಕೊಳಲ್ಲ ಅಂತ ಸುಮ್ನಿದ್ದೀವಿ!"

ಯಾರೂ ಸೀನಲಿಲ್ಲ. ಯಾವ ಮಗುವೂ ಅಳಲಿಲ್ಲ.

ಹುಡುಗಿಯ ಕೈ ಮೇಲೆ ಬಂದು ಕೊರಳ ಮುಂದಿನ ದಾರವನ್ನು ಹಿಡಿದುಕೊಂಡಿತು. ಅಷ್ಟು ಹೊತ್ತಿಗೆ ಮಂಟಪಕ್ಕೆಲ್ಲ ಎಚ್ಚರವಾಯಿತು. ನಾಚಿಕೆಯಿಂದ ಎದ್ದ ಎಚ್ಚರವಲ್ಲ ಅದು. ಎಲ್ಲರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. "ಊದ್ಲಾ! ಏನ್ಲಾ ಕಣ್ ಕಣ್ ಬಿಡ್ತೀಯಾ, ಊದ್ಲಾ!" "ಗಟ್ಟಿಮೇಳ, ಗಟ್ಟಿಮೇಳ!" ಪುರೋಹಿತರು ಎರಡೂ ಕೈ ಬೀಸುತ್ತಿದ್ದರು. ಗಂಡಿನ ತಾಯಿ ಮೊದಲ ಬಾರಿಗೆ ನನ್ನ ಮುಖ ನೋಡಿದರು, "ಊದ್ರೀ!" ಎಂದು ಕೂಗಿದರು. ಹೆಣ್ಣಿನ ಕಡೆಯವರೂ ಕೂಗುತ್ತಿದ್ದರು, ಅದೇ ಎಲ್ಲಕ್ಕಿಂತ ಅಸಹ್ಯ. ಅವಳ ಹೆತ್ತ ತಾಯಿ ನನ್ನ ಕಡೆ ಕೈ ಮುಗಿದು ನಿಂತಿದ್ದರು. ಇವರೆಲ್ಲರಿಗೂ ಆ ಮಾತು ಕೇಳಿಸಿತ್ತು. ಇವರಿಗೆ ಬೇಕಾದದ್ದು ಅದರ ಮೇಲೆ ಒಂದಿಷ್ಟು ಸದ್ದು ಸುರಿಯುವುದು, ಅಷ್ಟರೊಳಗೆ ಗಂಟು ಬೀಳುವುದು.

ಆಗ ನನ್ನ ಬಾಯಲ್ಲಿ ನೀರು ಬಂತು.

ಹುಣಸೆಹಣ್ಣಿನಿಂದಲ್ಲ. ಇವರ ಮುಖಕ್ಕೆ ಉಗಿಯಬೇಕು ಅನ್ನಿಸಿತು, ಅದಕ್ಕೆ ಬೇಕಾದ ಉಗುಳು ಬಂತು. ಅಷ್ಟು ಮದುವೆಗಳಲ್ಲಿ ಹುಡುಕಿದ್ದ ಔಷಧಿ ಅದು. ಹೆದರಿಕೆ ಬಾಯಿ ಒಣಗಿಸುತ್ತದೆ, ತಿರಸ್ಕಾರ ಒದ್ದೆ ಮಾಡುತ್ತದೆ. ಪೀಪಿ ನಾಲಿಗೆಯ ಮೇಲೆ ಮೆತ್ತಗಾಯಿತು, ಎದೆಯ ತುಂಬ ಉಸಿರು ತುಂಬಿತು. ಆ ಕ್ಷಣದಲ್ಲಿ ಊದಿದ್ದರೆ ಹಳೇಬೀಡಿನ ಕೆರೆಯ ಆಚೆ ದಡಕ್ಕೆ ಕೇಳುವಂಥ ಗಟ್ಟಿಮೇಳ ಬರುತ್ತಿತ್ತು. ನನ್ನ ಮೊದಲನೇ ಮೌನ ಹೆದರಿಕೆಯದು, ಅದರ ಹೆಚ್ಚುಗಾರಿಕೆ ನನಗೆ ಬೇಡ. ಎರಡನೆಯದು ನನ್ನದು. ನಾದಸ್ವರವನ್ನು ಬಾಯಿಂದ ತೆಗೆದು ತೊಡೆಯ ಮೇಲೆ ಮಲಗಿಸಿದೆ. ಅದನ್ನು ನೋಡಿ ಭಾವ ಎತ್ತಿದ್ದ ಕೋಲನ್ನು ಇಳಿಸಿದ.

ಕೂಗಾಟ ತಾನಾಗಿಯೇ ತಗ್ಗಿತು. ಹುಡುಗಿ ಗಂಡಿನ ಕಡೆ ತಿರುಗಿದಳು. ಕ್ಲಾಸಿನಲ್ಲಿ ಪಾಠ ಒಪ್ಪಿಸಿಕೊಳ್ಳುವ ಧ್ವನಿಯಲ್ಲಿ ಕೇಳಿದಳು.

"ನಿಮಗೂ ಗೊತ್ತಿತ್ತಾ?"

ಅವನು ತಾಯಿಯನ್ನು ನೋಡಿದ.

"ಅವರನ್ನ ನೋಡ್ಬೇಡಿ. ಇವಳು ಕೆಲಸಕ್ಕೆ ಹೋಗ್ತಾಳೆ, ಬಿಡಿಸಲ್ಲ ಅಂತ ಒಂದು ಮಾತು ಹೇಳಿ. ಎಲ್ರಿಗೂ ಕೇಳೋ ಹಾಗೆ ಹೇಳಿ, ಸಾಕು."

ಹುಡುಗ ಬಾಯಿ ತೆರೆದ. ತುಟಿ ಅಲುಗಿತು, ಸ್ವರ ಹೊರಡಲಿಲ್ಲ. ನಾಲಿಗೆಯಿಂದ ತುಟಿ ಸವರಿಕೊಂಡ, ಮತ್ತೆ ತೆರೆದ. ಹಣೆಯ ಬೆವರು ಬಾಸಿಂಗದ ಕೆಳಗೆ ಇಳಿಯುತ್ತಿತ್ತು. ಆ ರೋಗ ಏನೆಂದು ಆ ಮಂಟಪದಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ, ಒಂದು ಗಳಿಗೆ ಅವನ ಮೇಲೆ ಕನಿಕರವೂ ಬಂತು. ಅಷ್ಟು ಜನರ ಕಣ್ಣಿನ ಕೆಳಗೆ ಒಂದು ಸುಲಭದ ಮಾತು ಆಡುವುದು ಎಷ್ಟು ಕಷ್ಟ ಎಂದು ನಾನು ಬಲ್ಲೆ. ಆದರೆ ಒಣಗಿದ ಬಾಯನ್ನೂ ನಾನು ಬಲ್ಲೆ, ಖಾಲಿ ಬಾಯನ್ನೂ ಬಲ್ಲೆ. ಒಣಗಿದ ಬಾಯಿಯವನು ಒದ್ದಾಡುತ್ತಾನೆ. ಇವನು ಮೂರನೇ ಸಲ ಬಾಯಿ ತೆರೆಯಲೇ ಇಲ್ಲ, ಯಾರಾದರೂ ಬಂದು ಬಿಡಿಸಲಿ ಎಂದು ಕಾಯುತ್ತಾ ನಿಂತ.

ಅವಳು ದಾರವನ್ನು ಕೊರಳಿಂದ ಎತ್ತಿ, ಅವನ ಕೈಗೇ ಇಟ್ಟು, ಎದ್ದಳು. ಅತ್ತಳು, ಆದರೆ ಎದ್ದು ನಡೆಯುವಾಗ. ಅವಳ ಅಪ್ಪ ಅಡ್ಡ ಬಂದು ಕೈ ಹಿಡಿದರು. ಬಿಡಿಸಿಕೊಂಡಳು.

ಆಮೇಲಿನದು ನೀವೇ ಊಹಿಸಿಕೊಳ್ಳಬಹುದು. ಅಡುಗೆ ಆಗಿತ್ತು, ಆದ್ದರಿಂದ ಜನ ಊಟ ಮಾಡಿದರು. ಮದುವೆ ಮುರಿದ ಮಂಟಪದಲ್ಲಿ ಎರಡನೇ ಸಲ ಹೋಳಿಗೆ ಕೇಳಿ ಹಾಕಿಸಿಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಬಸ್‌ಸ್ಟಾಂಡಿನಲ್ಲಿ ಭಾವ ಡೋಲನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕೂತ. ಕೊನೆಗೆ, "ಬಾಯಿ ಒಣಗಿತ್ತೇನ್ಲಾ?" ಎಂದು ಕೇಳಿದ.

"ಮೊದ್ಲು ಒಣಗಿತ್ತು."

"ಆಮ್ಯಾಕೆ?"

ನಾನು ಪೀಪಿಯನ್ನು ಪಂಚೆಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡೆ. ಅವನಿಗೆ ಅರ್ಥವಾಯಿತೆಂದು ತೋರುತ್ತದೆ. ಜಾವಗಲ್ಲಿನವರೆಗೆ ಕಿಟಕಿಯ ಆಚೆ ನೋಡುತ್ತಾ ಬಂದ.

ಊರಿನಲ್ಲಿ ಮಾತು ಬೇರೆಯೇ ಹಬ್ಬಿತು. ವಾಲಗದವನು ಗಟ್ಟಿಮೇಳ ಊದದೆ ಕೂತ, ಅಪಶಕುನವಾಯಿತು, ಮದುವೆ ಮುರಿಯಿತು. ತಾಯಿಯ ಮಾತಿನ ಸುದ್ದಿ ಹಳೇಬೀಡು ದಾಟಿ ಬರುವಷ್ಟರಲ್ಲಿ ಎಲ್ಲೋ ಉದುರಿಹೋಗಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರ ಪಾಲಿಗೆ ನಾನೇ ನೆಲ. ಆ ಮುಹೂರ್ತಗಳ ಕಾಲದಲ್ಲಿ ನಮ್ಮನ್ನು ಯಾರೂ ಕರೆಯಲಿಲ್ಲ. ಶಾಲೆಯಲ್ಲಿ ಸಹೋದ್ಯೋಗಿಗಳು "ಸಭಾಕಂಪ ಹೆಂಗಿದೆ ಸಾರ್?" ಎಂದು ಕೇಳಿ ನಗುತ್ತಿದ್ದರು. ತಿದ್ದಲಿಲ್ಲ. ತಿದ್ದುವುದಕ್ಕೂ ಎದುರಿನವನ ಮೇಲೆ ಸ್ವಲ್ಪ ಮರ್ಯಾದೆ ಇರಬೇಕು.

ಮಳೆಗಾಲ ಕಳೆದ ಮೇಲೆ ಒಂದು ದಿನ ಅರಸೀಕೆರೆ ಬಸ್‌ಸ್ಟಾಂಡಿನಲ್ಲಿ ಆ ಹುಡುಗಿಯ ತಾಯಿ ನನ್ನನ್ನು ಗುರುತು ಹಿಡಿದರು. ನಾನು ನಮಸ್ಕಾರ ಮಾಡಿ, ಮಗಳು ಹೇಗಿದ್ದಾಳೆ ಎಂದು ಕೇಳಿದೆ.

"ಏನ್ ಇರಾದು, ಅದೇ ಸ್ಕೂಲು, ಅದೇ ಬಸ್ಸು" ಅಂದರು. ಆಮೇಲೆ ಅವರ ದನಿ ಒಡೆಯಿತು. "ನೀನೊಂದು ಊದಿದ್ರೆ ಆಗೋಗಿರೋದು ಕಣಪ್ಪ. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ನಂಗೂ ನನ್ನ ಮದ್ವೇಲಿ ಏನೇನ್ ಅಂದ್ರೋ ಯಾರಿಗ್ ಗೊತ್ತು? ಕೇಳಿಸ್ಲಿಲ್ಲ, ಬಾಳ್ವೆ ಮಾಡ್ದೆ."

ಅವರ ಬಸ್ಸು ಬಂತು, ಹತ್ತಿಕೊಂಡು ಹೋದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟೆ. ಸಿಟ್ಟು ಬರಲಿಲ್ಲ.

ಜನ ಮರೆತರು. ಮತ್ತೆ ಕರೆಯತೊಡಗಿದರು. ಮೊನ್ನೆ ಬೇಲೂರಿನಲ್ಲಿ ಊದಿದೆ. ಹೆದರಿಕೆ ಹೋಗಿದೆ, ಮೊದಲ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು, ಬಾಯಿ ಒದ್ದೆಯಾಗುತ್ತದೆ. ಹೆಣ್ಣು ಚಿಕ್ಕ ವಯಸ್ಸಿನವಳು, ತಲೆ ತಗ್ಗಿಸಿ ನಗುತ್ತಿದ್ದಳು. ಪುರೋಹಿತರು ಕೈಯೆತ್ತಿ ಕೂಗಿದರು. ಅದೇ ಗಳಿಗೆಗೆ ಅವಳ ಹಿಂದೆ ನಿಂತಿದ್ದ ಹೆಂಗಸೊಬ್ಬಳು ಪಕ್ಕದವಳ ಕಿವಿಗೆ ಬಾಯಿಟ್ಟು ಏನೋ ಹೇಳಲು ಶುರುಮಾಡಿದಳು. ನನಗೆ ಕಾಣಿಸಿತು. ಭಾವ ಕೋಲೆತ್ತಿ ನನ್ನನ್ನೇ ನೋಡುತ್ತಿದ್ದ.

ಊದಿದೆ. ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಊದಿದೆ. ಆ ಹೆಂಗಸು ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಹುಡುಗಿಗೂ ಕೇಳಿಸಲಿಲ್ಲ.